ಒದ್ದೆ ಬಣ್ಣದ ಮೇಲೆ ಮರಳು

ಹೆಂಡತಿಯ ಊಟದ ಚೀಲದ ಹಿಡಿ ಹೇಗೆ ಹರಿಯಿತೆಂದು ಅವಳಿಗೆ ಗೊತ್ತಿರಲಿಲ್ಲ. ಅವನಿಗೆ ಗೊತ್ತಿತ್ತು.

"ಹಳೇದಾಗಿತ್ತು ಬಿಡಿ. ಅದಾದ್ರೂ ಎಷ್ಟು ದಿನ ಅಂತ ತಾಳುತ್ತೆ," ಎನ್ನುತ್ತ ಅವಳು ಸೂಜಿಗೆ ದಾರ ಪೋಣಿಸಿದಳು. ಅವನು ಹೌದೆಂಬಂತೆ ತಲೆಯಾಡಿಸಿದ.

ಅಂದು ಸಂಜೆ ಅವಳು ಕಾರ್ಖಾನೆಯಿಂದ ಬರುವ ಹೊತ್ತಿಗೆ ಅವನು ಬಾಗಿಲಲ್ಲಿ ನಿಂತು ಕುಂಚ ತೊಳೆಯುತ್ತಿದ್ದ. ಅವಳು ರಸ್ತೆಯ ಆಚೆಯಿಂದ ಈಚೆಗೆ ದಾಟುತ್ತಿದ್ದಳು. ಸಿಮೆಂಟು ಹೇರಿದ ಲಾರಿಯೊಂದು ಹಾರ್ನ್ ಒತ್ತಿಕೊಂಡೇ ಬಂತು. ಬೀದಿಗೆ ಬೀದಿಯೇ ತಿರುಗಿ ನೋಡಿತು, ಅವಳೊಬ್ಬಳನ್ನು ಬಿಟ್ಟು. ಲಾರಿ ಅವಳ ಬೆನ್ನ ಹಿಂದೆ ಹಾದುಹೋಗುವಾಗ ಟಾರ್ಪಾಲು ಕಟ್ಟುವ ಕೊಕ್ಕೆ ಚೀಲದ ಹಿಡಿಗೆ ಸಿಕ್ಕಿ, ಹಿಡಿಯನ್ನು ಕಿತ್ತು, ಚೀಲವನ್ನು ನೆಲಕ್ಕೆ ಒಗೆದು ಹೋಯಿತು. ಅವಳು ನಿಂತು, ಬಗ್ಗಿ, ಡಬ್ಬಿಯ ಮುಚ್ಚಳ ಸರಿಯಾಗಿದೆಯೇ ಎಂದು ನೋಡಿಕೊಂಡು ಮನೆಗೆ ಬಂದಳು. ಗಾಳಿ ಬೀಸಿದ್ದು ತಿಳಿದಿರಬೇಕು. ಆ ರಸ್ತೆಯಲ್ಲಿ ಗಾಳಿ ಯಾವಾಗಲೂ ಬೀಸುತ್ತಲೇ ಇರುತ್ತದೆ.

ಮಗ್ಗದ ಕಾರ್ಖಾನೆ ಅವಳ ಕಿವಿಯನ್ನು ಸ್ವಲ್ಪಸ್ವಲ್ಪವಾಗಿ ತಿಂದುಹಾಕಿತ್ತು. ಅಲ್ಲಿ ಯಂತ್ರಗಳ ಸದ್ದಿನಲ್ಲಿ ಗಂಟಲು ಹರಿದುಕೊಂಡರೂ ಪಕ್ಕದವರಿಗೆ ಕೇಳುವುದಿಲ್ಲ. ಹಾಗಾಗಿ ಹೆಂಗಸರೆಲ್ಲ ತುಟಿ ನೋಡಿಕೊಂಡೇ ಹರಟುತ್ತಾರೆ, ಜಗಳವಾಡುತ್ತಾರೆ, ಮೇಸ್ತ್ರಿಯನ್ನು ಅವನ ಬೆನ್ನ ಹಿಂದೆಯೇ ನಿಂತು ಮನಸಾರೆ ಬೈಯುತ್ತಾರೆ. ಕಿವಿ ಹೋದದ್ದು ಅವಳಿಗೇ ಬಹಳ ಕಾಲ ತಿಳಿಯಲಿಲ್ಲ. ಮನೆಯಲ್ಲೂ ಅದೇ ರೂಢಿಯಾಯಿತು. ಎದುರುಬದುರು ಕೂತರೆ ಮಾತು, ಮುಖ ತಿರುಗಿಸಿದರೆ ಮೌನ. ಅವನಂಥ ಮಾತು ಕಮ್ಮಿಯ ಗಂಡಸಿಗೆ ಇದರಲ್ಲೊಂದು ಅನುಕೂಲವೂ ಇತ್ತು. ಎದುರಿಗೆ ಹೇಳಲಾಗದ್ದನ್ನು ಅವಳ ಬೆನ್ನಿಗೆ ಹೇಳಿಬಿಡುತ್ತಿದ್ದ. ಹೇಳಿದ ಹಾಗೂ ಆಗುತ್ತಿತ್ತು, ಹೇಳದ ಹಾಗೂ ಆಗುತ್ತಿತ್ತು. ಲಾರಿಯ ವಿಷಯವನ್ನೂ ಹಾಗೇ ಹೇಳಿದ. ಅವಳು ಆ ಕಡೆ ತಿರುಗಿ ಹೊಲಿಗೆ ಮುಗಿಸಿ, ದಾರವನ್ನು ಹಲ್ಲಿನಿಂದ ಕಡಿದಳು.

ಅಂದಿನಿಂದ ಅವನ ಕೈ ಕೆಟ್ಟಿತು. ಹೊರಗೆ ಬ್ರೇಕು ಕಿರುಚಿದರೆ ಒಳಗೆ ಕುಂಚ ನಡುಗಿ ಅಕ್ಷರದ ಹೊಟ್ಟೆ ಡೊಂಕಾಗುತ್ತಿತ್ತು. ಒರೆಸುವುದು, ಬರೆಯುವುದು, ಮತ್ತೆ ಎದ್ದು ಬಾಗಿಲಿಗೆ ಬರುವುದು. ಬೀದಿಯವರು ಅವನನ್ನು ಬೋರ್ಡಣ್ಣ ಎಂದು ಕರೆಯುತ್ತಿದ್ದರು. ಅಲ್ಲಿನ ಅಂಗಡಿಗಳ ಹೆಸರೆಲ್ಲ ಅವನ ಕೈಯಿಂದಲೇ ಬಂದದ್ದು. ಬೇರೆಯವರ ಬೋರ್ಡಿಗೂ ಅವನ ಬೋರ್ಡಿಗೂ ಇದ್ದ ವ್ಯತ್ಯಾಸವೆಂದರೆ ಹೊಳಪು. ಕೊನೆಯ ಕೈ ಬಣ್ಣ ಹಚ್ಚುವ ಮುಂಚೆ ನೆಲಕ್ಕೆ ನೀರು ಚಿಮುಕಿಸಿ, ಕಿಟಕಿ ಮುಚ್ಚಿ, ಮೈಮೇಲಿನ ಅಂಗಿಯನ್ನೂ ಕಳಚಿಟ್ಟು ಕೂರುತ್ತಿದ್ದ. ಒದ್ದೆ ಬಣ್ಣದ ಮೇಲೆ ದೂಳಿನ ಒಂದು ಕಣ ಕೂತರೂ ಅವನ ಮೈ ಉರಿಯುತ್ತಿತ್ತು. ಒಣಗಿದ ಮೇಲೆ ಬೋರ್ಡಿನಲ್ಲಿ ನೋಡುವವರ ಮುಖ ಕಾಣಬೇಕು, ಅದು ಅವನ ಲೆಕ್ಕ.

ರಸ್ತೆಯ ಮಾತು ಬಂದಾಗ ಬೀದಿಯವರದೆಲ್ಲ ಒಂದೇ ಬಾಯಿ. ಆ ಬಾಯಿ ಹೆಚ್ಚಾಗಿ ತೆರೆಯುತ್ತಿದ್ದದ್ದು ಕ್ಷೌರದಂಗಡಿಯಲ್ಲಿ.

"ದಾಟೋ ಕಡೆ ನಾಲ್ಕು ಬಿಳಿ ಪಟ್ಟೆ ಹಾಕ್ಸಿ ಅಂತ ಎಷ್ಟು ಸಲ ಬೇಡ್ಕೊಳ್ಳೋದು?" ಎಂದ ಹಾಲಿನವನು, ಮುಖದ ತುಂಬ ನೊರೆ ಹಚ್ಚಿಸಿಕೊಂಡು. ಸೈಕಲ್ ಮೇಲೆ ಕ್ಯಾನು ಕಟ್ಟಿಕೊಂಡು ಮನೆಮನೆಗೆ ಹಾಲು ಹಾಕುವವನು, ದಿನಕ್ಕೆ ಹತ್ತಾರು ಸಲ ಆ ರಸ್ತೆ ದಾಟಬೇಕು. "ಮೊನ್ನೆ ವಾರ್ಡ್ ಮೆಂಬರನ್ನ ಕೇಳಿದೆ. ಫೈಲು ಮೇಲೆ ಹೋಗಿದೆಯಂತೆ."

"ಮೇಲೆ ಹೋಯ್ತಾ! ಪಾಪ, ಏನು ಕಾಯಿಲೆ ಆಗಿತ್ತಂತೆ?" ಎಂದ ಕ್ಷೌರಿಕ.

ಹಾಲಿನವನು ನಕ್ಕಿದ್ದಕ್ಕೆ ನೊರೆ ಕನ್ನಡಿಗೆ ಹಾರಿತು. ಬೆಂಚಿನ ಮೂಲೆಯಲ್ಲಿ ಕೂತಿದ್ದ ಬೋರ್ಡಣ್ಣ ಕೆಮ್ಮಿ, "ನಾವೇ ಹಾಕಿದ್ರೆ?" ಎಂದ.

ಅವನು ಮಾತಾಡಿದ್ದೇ ಅಪರೂಪವಾದ್ದರಿಂದ ಇಬ್ಬರೂ ತಿರುಗಿದರು.

"ನಾವಾ?" ಕ್ಷೌರಿಕ ಕತ್ತಿಯನ್ನು ಗಾಳಿಯಲ್ಲೇ ನಿಲ್ಲಿಸಿದ. "ತೆರಿಗೆ ಕಟ್ಟೋದೂ ನಾವೇ, ಕೆಲಸ ಮಾಡೋದೂ ನಾವೇ. ಮತ್ತೆ ಅವರಿರೋದು ಯಾತಕ್ಕಪ್ಪಾ, ಫೋಟೋ ಹೊಡೆಸ್ಕೊಳ್ಳೋಕಾ? ಇವತ್ತು ಪಟ್ಟೆ ನಾವು ಹಾಕಿದ್ರೆ ನಾಳೆ ಚರಂಡಿನೂ ನೀವೇ ತೋಡ್ಕೊಳ್ಳಿ ಅಂತಾರೆ. ಅವರ ಕೈಲಿ ಮಾಡಿಸ್ಬೇಕು ಕಣಯ್ಯಾ. ಅದೇ ನಮ್ಮ ಕೆಲಸ."

ಆ ಮಾತಿನಲ್ಲಿ ತಪ್ಪಿರಲಿಲ್ಲ. ಬೋರ್ಡಣ್ಣ ಅದನ್ನು ಮನೆಯವರೆಗೂ ತಿರುಗಿಸಿ ತಿರುಗಿಸಿ ನೋಡಿದ. ಎಲ್ಲಿಂದ ನೋಡಿದರೂ ಸರಿಯಾಗಿಯೇ ಇತ್ತು. ಆದರೆ ಲಾರಿಯ ಕೊಕ್ಕೆಗೆ ಅದು ಗೊತ್ತಿರಲಿಲ್ಲ.

ಸಾರಿಗೆಯವರ ಮುಷ್ಕರದ ದಿನ ರಸ್ತೆ ಖಾಲಿಯಾಯಿತು. ನಡುಹಗಲಲ್ಲಿ ನಾಯಿಗಳು ಡಾಂಬರಿನ ಮೇಲೆ ಕಾಲು ಚಾಚಿ ಮಲಗಿದ್ದವು. ಕಾರ್ಖಾನೆಗೆ ಮುಷ್ಕರ ಇರಲಿಲ್ಲ, ಹೆಂಡತಿ ಕೆಲಸಕ್ಕೆ ಹೋಗಿದ್ದಳು. ಬೋರ್ಡಣ್ಣ ಬಿಳಿ ಬಣ್ಣದ ಡಬ್ಬಿ, ಅಗಲದ ಕುಂಚ, ಸೀಮೆಸುಣ್ಣ ಹಚ್ಚಿದ ದಾರ ತೆಗೆದುಕೊಂಡು ರಸ್ತೆಗಿಳಿದ. ಮೊದಲು ಗುಡಿಸಿದ. ದೂಳೇಳದಂತೆ ಅಂಚಿಗೆ ನೀರು ಚಿಮುಕಿಸಿದ. ದಾರ ಹಿಡಿದು ಗೆರೆ ಹೊಡೆದು, ಒಂದು ಕೈ ಹಚ್ಚಿ, ಒಣಗಿದ ಮೇಲೆ ಮತ್ತೊಂದು ಕೈ ಹಚ್ಚಿದ. ಅಂಚುಗಳು ಕತ್ತರಿಸಿಟ್ಟ ಹಾಗೆ ಬಂದವು. ಡಬ್ಬಿ ಹಿಡಿದು ರಸ್ತೆಯ ನಡುವೆ ಕುಕ್ಕರುಗಾಲಿನಲ್ಲಿ ಕೂತವನನ್ನು ಯಾರೂ ಏನೂ ಕೇಳುವುದಿಲ್ಲ. ಯಾರೋ ಕಳಿಸಿರಬೇಕು ಎಂದುಕೊಳ್ಳುತ್ತಾರೆ.

ಕ್ಷೌರಿಕ ಮಾತ್ರ ಹತ್ತಿರ ಬಂದು ಸೊಂಟಕ್ಕೆ ಕೈಯಿಟ್ಟು ನಿಂತ. "ಅಂತೂ ಇಂತೂ ಆರ್ಡರ್ ಆಯ್ತಾ? ನೋಡಿದ್ಯಾ, ಬಿಡದೆ ಬೆನ್ನು ಹತ್ತಿದ್ರೆ ಹೇಗೆ ದಾರಿಗೆ ಬರ್ತಾರೆ! ಕೆಲಸ ನಿನಗೇ ಕೊಟ್ಟಿದ್ದು ಒಳ್ಳೇದಾಯ್ತು ಬಿಡು."

ಬೋರ್ಡಣ್ಣ ತಲೆಯೆತ್ತಿ ನೋಡಿದ. ಆಮೇಲೆ ತಲೆ ತಗ್ಗಿಸಿ ಅಂಚು ತಿದ್ದಿದ. ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ.

ಆ ವಾರವೇ ಮೆಂಬರು ನಾಲ್ಕು ಜನರೊಂದಿಗೆ ಬಂದು, ಪಟ್ಟೆಗಳ ಮೇಲೆ ನಿಂತು, ಅಂಗೈ ತೋರಿಸುತ್ತ ಫೋಟೋ ತೆಗೆಸಿಕೊಂಡು ಹೋದರು. ಅವರು ಸುಳ್ಳು ಹೇಳುತ್ತಿದ್ದಾರೆಂದು ಬೋರ್ಡಣ್ಣನಿಗೆ ಅನಿಸಲಿಲ್ಲ. ತಮ್ಮ ಕೈಕೆಳಗಿನ ಯಾವುದೋ ಮೇಜು ಯಾವುದೋ ದಿನ ಎಚ್ಚೆತ್ತಿರಬೇಕು ಎಂದು ಅವರೂ ನಂಬಿರಬಹುದು. ಒಬ್ಬನ ಮೌನದಲ್ಲಿ ಎಷ್ಟು ಜನ ಹಾಯಾಗಿ ಕಾಲು ಚಾಚಬಹುದು!

ಹೆಂಡತಿಯೂ ಹಾಗೇ ನಂಬಿದಳು. ಅವಳು ಒಂದು ಸಂಜೆ ಬಾಗಿಲು ದಾಟುವ ಮುಂಚೆಯೇ ಶುರು ಮಾಡಿದಳು. "ರೀ, ಇವತ್ತು ಬಸ್ಸು ನಿಂತಿತು ಕಣ್ರೀ! ನನಗೋಸ್ಕರ! ಡ್ರೈವರು ಕೈ ಬೇರೆ ತೋರಿಸಿದ, ಹೋಗಮ್ಮಾ ಅಂತ." ಡ್ರೈವರು ಕೈ ತೋರಿಸಿದ್ದು ಹೇಗೆಂದು ಎರಡು ಸಲ ಮಾಡಿ ತೋರಿಸಿದಳು. ಅವನ ಎದೆ ಉಬ್ಬಿ ಬಂತು. ಆದರೆ ಯಾರ ಆರ್ಡರೂ ಇಲ್ಲದೆ ನಾನೇ ಪಟ್ಟೆ ಹಾಕಿದ್ದು ಎಂದರೆ ಯಾಕೆ ಎಂದು ಕೇಳುತ್ತಾಳೆ. ಯಾಕೆ ಎಂದರೆ ಲಾರಿಯ ಕೊಕ್ಕೆಯನ್ನು ಹೇಳಬೇಕಾಗುತ್ತದೆ. ಸಾವು ಬೆನ್ನು ಸವರಿಕೊಂಡು ಹೋದದ್ದು ತಿಳಿದರೆ ನಾಳೆಯಿಂದ ಅವಳು ರಸ್ತೆಗೆ ಕಾಲಿಡುವುದು ಹೇಗೆ? ಅವನು ಮುಖ ತಿರುಗಿಸಿಕೊಂಡ.

ಮೊದಲ ತುಂತುರು ಬಿದ್ದ ಬೆಳಿಗ್ಗೆ ಹಾಲಿನವನು ಬಿದ್ದ.

ಎದುರಿಗೆ ಮುದುಕಿಯೊಬ್ಬರು ದಾಟುತ್ತಿದ್ದರೆಂದು ಅವನು ಬ್ರೇಕು ಹಿಡಿದಿದ್ದ. ಪಟ್ಟೆ ಹಾಕಿದ ಮೇಲೆ ಅವನೂ ಕಲಿತ ಮರ್ಯಾದೆ ಅದು. ಚಕ್ರ ನಿಂತಿತು, ಸೈಕಲ್ಲು ನಿಲ್ಲಲಿಲ್ಲ. ಕ್ಯಾನುಗಳು ಉರುಳಿ ಬಿಳಿಯ ಮೇಲೆ ಬಿಳಿ ಹರಿಯಿತು. ಬೋರ್ಡಣ್ಣ ಬರಿಗಾಲಲ್ಲಿ ಓಡಿದ. ಓಡಿದವನ ಕೈ ಮೊದಲು ಹಾಲಿನವನ ಕಡೆಗೆ ಹೋಗಲಿಲ್ಲ, ಪಟ್ಟೆಯ ಮೇಲೆ ಹೋಯಿತು. ಒದ್ದೆಯಾದ ಪಟ್ಟೆ ಗಾಜಿನ ಹಾಗಿತ್ತು. ಅವನ ಬೋರ್ಡುಗಳ ಹಾಗೆಯೇ ಇತ್ತು. ಆ ಕೈಯನ್ನು ಯಾರೂ ಗಮನಿಸಲಿಲ್ಲ, ಅವನೊಬ್ಬನನ್ನು ಬಿಟ್ಟು. ಹೆಗಲ ಮೂಳೆ ಮುರಿದು ನರಳುತ್ತಿದ್ದವನನ್ನು ನಾಲ್ಕು ಜನ ಸೇರಿ ಎತ್ತಿದಾಗ ಅವನೂ ಒಂದು ಕಡೆ ಹಿಡಿದ.

ಹೆಗಲಿಗೆ ಪಟ್ಟಿ ಕಟ್ಟಿಸಿಕೊಂಡು ಬಂದ ಹಾಲಿನವನು ನಡೆದೇ ಹಾಲು ಹಾಕತೊಡಗಿದ. ಒಂದು ಕೈಯಲ್ಲಿ ಒಂದೇ ಕ್ಯಾನು. ಕ್ಷೌರದಂಗಡಿಯಲ್ಲಿ ಈಗ ಜೋಕುಗಳಿರಲಿಲ್ಲ.

"ಯಾವನೋ ಕಂಟ್ರಾಕ್ಟರು ಕಳಪೆ ಬಣ್ಣ ಕೊಟ್ಟು ದುಡ್ಡು ನುಂಗಿದಾನೆ," ಎಂದ ಕ್ಷೌರಿಕ. "ರಜೆ ದಿನ ಎಲ್ಲರೂ ರಸ್ತೇಲಿ ಸೇರ್ತೀವಿ, ಮೆಂಬರನ್ನೂ ಕರೆಸ್ತೀವಿ. ಅಕ್ಕಪಕ್ಕದ ಬೀದಿಯೋರಿಗೂ ಹೇಳಿ ಬಂದಿದೀನಿ. ಬೋರ್ಡಣ್ಣ, ಬ್ಯಾನರು ನಿಂದು. ಮೇಲೆ ಸಣ್ಣದಾಗಿ, ಜಾರುವ ರಸ್ತೆ, ಮುರಿದ ಮೂಳೆ. ಕೆಳಗೆ ಕೆಂಪಲ್ಲಿ ಇಷ್ಟು ದಪ್ಪ: ಯಾರು ಹೊಣೆ?"

"ಹೂಂ," ಎಂದ ಬೋರ್ಡಣ್ಣ.

"ಇನ್ನೊಂದು. ನೀನು ಮುಂದೆ ನಿಲ್ಲಬೇಕು. ಆ ಬಣ್ಣ ನಿನ್ನ ಕೈಗೆ ಕೊಟ್ಟೋನು ಯಾರು ಅಂತ ಎಲ್ಲರೆದುರು ಹೆಸರು ಹೇಳ್ಬೇಕು. ಹೆದರ್ಕೋಬೇಡ, ನಾವಿದೀವಿ ನಿನ್ನ ಹಿಂದೆ."

ಹಾಲಿನವನು ಪಟ್ಟಿಯೊಳಗಿನ ಬೆರಳುಗಳನ್ನು ಅಲ್ಲಾಡಿಸುತ್ತ, "ಹೇಳ್ತೀರಲ್ಲ ಅಣ್ಣಾ?" ಎಂದ.

ಬೋರ್ಡಣ್ಣ ಬಾಗಿಲ ಕಡೆ ನೋಡಿದ. ಅದನ್ನೂ ಅವರು ಹೌದೆಂದೇ ಎಣಿಸಿಕೊಂಡರು.

ಅಲ್ಲಿಂದ ಮುಂದೆ ಅವನಿಗೆ ಮೋಡವನ್ನು ನೋಡುವುದೇ ಕೆಲಸವಾಯಿತು. ನಿಜ ಹೇಳಿದರೆ ಬೀದಿಯಲ್ಲಿ ತಲೆಯೆತ್ತಿ ನಡೆಯುವ ಹಾಗಿಲ್ಲ, ಅದು ಹೋಗಲಿ. ಮರುದಿನವೇ ಯಾರಾದರೂ ಬಂದು ಪಟ್ಟೆಗಳನ್ನು ಕೆರೆದು ಹಾಕುತ್ತಾರೆ, ಬಸ್ಸುಗಳು ನಿಲ್ಲುವುದಿಲ್ಲ, ಕೊಕ್ಕೆ ತಿರುಗಿ ಬರುತ್ತದೆ. ಹೇಳದಿದ್ದರೆ ಮುಂದಿನ ಮಳೆಗೆ ಇನ್ನೊಬ್ಬರು ಬೀಳುತ್ತಾರೆ. ಸವೆದ ಚಪ್ಪಲಿ ಹಾಕಿಕೊಂಡು ಮೊದಲು ದಾಟುವವಳು ಅವನ ಹೆಂಡತಿಯೇ. ಒಂದು ಸಲ ಗೋಣಿಚೀಲ ತಂದು ಪಟ್ಟೆಯ ಮೇಲೆ ಹಾಸಿ ಬಂದ. ಮೊದಲ ಲಾರಿಗೇ ಅದು ಚರಂಡಿಗೆ ಹಾರಿತು. ಇನ್ನೊಂದು ಸಲ ಸೀಮೆಎಣ್ಣೆ ಹಾಕಿ ಬಣ್ಣ ಒರೆಸಿಬಿಡೋಣ ಎಂದು ಬಟ್ಟೆ ಹಿಡಿದು ಹೊರಟ. ಅಷ್ಟರಲ್ಲಿ ಬಸ್ಸೊಂದು ನಿಂತು, ಒಬ್ಬಾಕೆ ಮಗುವನ್ನು ಎತ್ತಿಕೊಂಡು ನಿಧಾನವಾಗಿ, ತನ್ನ ಮನೆಯ ಹಜಾರದಲ್ಲಿ ನಡೆಯುವಂತೆ ದಾಟಿದಳು. ಅವನು ಬಟ್ಟೆಯನ್ನು ಜೇಬಿಗೆ ತುರುಕಿಕೊಂಡು ಮರಳಿದ.

ರಜೆಯ ಹಿಂದಿನ ಸಂಜೆ ಬಿಳಿಯ ಬಟ್ಟೆಯನ್ನು ನೆಲಕ್ಕೆ ಹಾಸಿ ಬ್ಯಾನರು ಬರೆಯಲು ಕೂತ. ಹೆಂಡತಿ ಒಲೆಯ ಕಡೆ ತಿರುಗಿ ತರಕಾರಿ ಹೆಚ್ಚುತ್ತಿದ್ದಳು. ಅವಳ ಎದುರಿನ ಗೋಡೆಗೆ ಕ್ಷೌರದಂಗಡಿಯ ಹೊಸ ಗಾಜಿನ ಬೋರ್ಡು ಒರಗಿತ್ತು. ಹಿಂಬದಿಗೆ ಕಪ್ಪು ಬಳಿದದ್ದು, ಅಕ್ಷರ ಇನ್ನೂ ಬರೆದಿರಲಿಲ್ಲ. "ಯಾರು" ಮುಗಿಯಿತು. ಮುಂದಿನ ಅಕ್ಷರಕ್ಕೆ ಕೈ ಏಳಲಿಲ್ಲ.

ಅವನು ಅವಳ ಬೆನ್ನಿಗೆ ಹೇಳತೊಡಗಿದ.

"ಕಂಟ್ರಾಕ್ಟರು ಯಾರೂ ಇಲ್ಲ ಕಣೇ. ನಾನೇ ಹಚ್ಚಿದ್ದು. ನನ್ನದೇ ಬಣ್ಣ. ಬೋರ್ಡಿಗೆ ಹಚ್ಚೋದನ್ನ ರಸ್ತೆಗೆ ಹಚ್ಚಿದೆ. ಎರಡು ಕೈ ಹಚ್ಚಿದೆ, ಹೊಳೀಲಿ ಅಂತ. ಆ ಹುಡುಗನ ಮೂಳೆ ಮುರಿದಿದ್ದು ನನ್ನಿಂದ. ನಿನ್ನ ಚೀಲ ಹಳೇದಾಗಿ ಹರೀಲಿಲ್ಲ. ಲಾರಿ ಕೊಕ್ಕೆ ಕಿತ್ತಿದ್ದು. ಒಂದು ಗೇಣು ಈ ಕಡೆ ಬಂದಿದ್ರೆ..."

ಚಾಕುವಿನ ಸದ್ದು ನಿಂತಿತ್ತು. ಎಷ್ಟು ಹೊತ್ತಿನಿಂದ ನಿಂತಿತ್ತೋ ಅವನಿಗೆ ತಿಳಿಯಲಿಲ್ಲ. ಅವನು ತಲೆಯೆತ್ತಿದಾಗ ಕಪ್ಪು ಗಾಜಿನಲ್ಲಿ ತನ್ನ ಮುಖ ಕಂಡಿತು. ಅದರ ಪಕ್ಕದಲ್ಲಿ ಅವಳ ಮುಖ. ಅವಳ ಕಣ್ಣು ಅವನ ತುಟಿಯ ಮೇಲಿತ್ತು.

ಅವಳು ತಿರುಗಿ ಬಂದು ಅವನೆದುರು ಕೂತಳು. ಅವನು ಮುಖ ತಿರುಗಿಸಲು ಹೋದಾಗ ಗಲ್ಲ ಹಿಡಿದು ತನ್ನ ಕಡೆಗೆ ಎಳೆದುಕೊಂಡಳು.

"ಇನ್ನೂ ಏನೇನು ಹೇಳಿದೀರಿ ನನ್ನ ಬೆನ್ನಿಗೆ?"

ಅವನು ಕುಂಚವನ್ನು ಡಬ್ಬಿಯೊಳಗಿಟ್ಟ.

"ನನ್ನ ಜೀವದ ವಿಷಯ. ನನ್ನನ್ನ ಬಿಟ್ಟು ಇನ್ಯಾರಿಗೆ ಹೇಳ್ಬೇಕಿತ್ತು? ಕಿವಿ ಹೋಗಿದೆ ಅಂತ ತಲೆನೂ ಹೋಗಿದೆ ಅಂದ್ಕೊಂಡ್ರಾ?"

"ನೀನು ಹೆದರ್ತೀಯ ಅಂತ..."

"ಹೆದರ್ತಿದ್ದೆ. ಹೆದರಿ ಎರಡೂ ಕಡೆ ಎರಡೆರಡು ಸಲ ನೋಡಿ ದಾಟ್ತಿದ್ದೆ. ಹೆದರಿಕೆನೂ ನೀವೇ ಇಟ್ಕೊಂಡ್ರಿ." ಅವಳ ದನಿ ಏರಿತ್ತು. ಅದು ಎಷ್ಟು ಏರಿದೆಯೆಂದು ಅವಳಿಗೆ ತಿಳಿಯುತ್ತಿರಲಿಲ್ಲ. ಪಕ್ಕದ ಮನೆಯವರು ರೇಡಿಯೋ ಸಣ್ಣ ಮಾಡಿದ್ದು ಅವನಿಗೆ ಕೇಳಿತು. "ಆ ಹಾಲಿನ ಹುಡುಗ ದಿನಾ ನಿಮ್ಮನ್ನ ಅಣ್ಣಾ ಅಂತಾನೆ. ಅವನ ಮುಖ ಹೇಗೆ ನೋಡ್ತಿದೀರಿ?"

"ನೋಡ್ತಾ ಇಲ್ಲ."

ಅವಳು ಬಹಳ ಹೊತ್ತು ಸುಮ್ಮನಿದ್ದಳು. ಅವಳ ಮೌನ ಅವನ ಮೌನದಂಥದಲ್ಲ. ಅದರಲ್ಲಿ ಅವಳು ಏನನ್ನೋ ಮಾಡುತ್ತಿರುತ್ತಾಳೆ. ಕೊನೆಗೆ, "ನಮ್ಮ ಕಾರ್ಖಾನೆ ಮೆಟ್ಟಿಲಿಗೆ ಬಣ್ಣ ಹೊಡೆದಾಗ ಹಸೀ ಇರೋವಾಗ್ಲೇ ಮರಳು ಎರಚಿದ್ರು," ಎಂದಳು. "ಕಾಲಿಟ್ಟರೆ ಕಚ್ಚಿ ಹಿಡಿಯುತ್ತೆ."

"ಮರಳಾ?" ಅವನ ಮೈ ಜುಮ್ಮೆಂದಿತು. "ಹಸೀ ಬಣ್ಣದ ಮೇಲಾ? ಹೊಳಪೆಲ್ಲ ಹೋಗುತ್ತಲ್ಲೇ."

"ಹೋಗ್ಲಿ. ಅದರಲ್ಲಿ ಯಾರು ಮುಖ ನೋಡ್ಕೋಬೇಕು?" ಎಂದಳು. ನಕ್ಕಳೋ ಅಥವಾ ಮೂಗೆಳೆದಳೋ, ಆಮೇಲೆ ಎದ್ದು ಹೋಗಿ ಉಳಿದ ತರಕಾರಿ ಹೆಚ್ಚಿದಳು. ಸ್ವಲ್ಪ ಹೊತ್ತಿನ ಮೇಲೆ ಅಲ್ಲಿಂದಲೇ, ತಿರುಗದೆ, "ಬ್ಯಾನರು ಪೂರ್ತಿ ಮಾಡಿ. ಒಪ್ಪಿಕೊಂಡ ಕೆಲಸ," ಎಂದಳು.

ಬೆಳಿಗ್ಗೆ ಬೀದಿಯ ಜನರಲ್ಲದೆ ಅಕ್ಕಪಕ್ಕದ ಬೀದಿಯವರೂ ಸೇರಿದ್ದರು. ಆಕಾಶ ಗಂಟು ಮುಖ ಹಾಕಿಕೊಂಡಿತ್ತು. ಮೆಂಬರು ಕಾರಿನಿಂದಿಳಿದು ಕೈ ಮುಗಿದರು, ಯಾರೂ ಮುಗಿಯಲಿಲ್ಲ. ಬೋರ್ಡಣ್ಣ ಒಂದು ಕೈಯಲ್ಲಿ ಜರಡಿ ಹಿಡಿದ ಮರಳಿನ ಬಕೆಟ್ಟು, ಇನ್ನೊಂದು ಕೈಯಲ್ಲಿ ಬಣ್ಣದ ಡಬ್ಬಿ ಹಿಡಿದು ಬಂದ. ಹಿಂದೆ ಹೆಂಡತಿ, ಸುತ್ತಿದ ಬ್ಯಾನರನ್ನು ಹೆಗಲ ಮೇಲಿಟ್ಟುಕೊಂಡು.

"ಬಾರಯ್ಯಾ, ನಿನ್ನನ್ನೇ ಕಾಯ್ತಿದ್ವಿ," ಎಂದ ಕ್ಷೌರಿಕ. "ಹೇಳು. ಬಣ್ಣ ಕೊಟ್ಟೋನು ಯಾರು?"

ಅವನು ಬಕೆಟ್ಟನ್ನು ಕೆಳಗಿಟ್ಟ. ಎಲ್ಲರ ಮುಖವೂ ತನ್ನ ಕಡೆಗಿತ್ತು, ತಿರುಗಿಸಲು ಯಾವ ಕಡೆಯೂ ಉಳಿದಿರಲಿಲ್ಲ. ಅವನು ಹೆಂಡತಿಯ ಕಡೆ ನೋಡಿದ. ಅವಳು ಅವನ ತುಟಿ ನೋಡುತ್ತಿದ್ದಳು.

"ಯಾರೂ ಕೊಡಲಿಲ್ಲ. ನಾನೇ ಹಾಕಿದ್ದು. ಯಾರೂ ಹೇಳಿರಲಿಲ್ಲ. ಬಣ್ಣ ಕಳಪೆ ಅಲ್ಲ, ಒಳ್ಳೇದೇ. ಬೋರ್ಡಿಗೆ ಒಳ್ಳೇದು. ರಸ್ತೆಗೆ ಅಲ್ಲ. ನನಗೆ ಗೊತ್ತಾಗಲಿಲ್ಲ." ಹಾಲಿನವನ ಕಡೆ ತಿರುಗಿದ. "ತಮ್ಮಾ, ನಿನ್ನ ಮೂಳೆ ಮುರಿದಿದ್ದು ನಾನು."

ಜನರ ಮುಖದಲ್ಲಿ ಅವನಿಗೆ ಕಂಡದ್ದು ಸಿಟ್ಟಿಗಿಂತ ಮೊದಲು ನಿರಾಸೆ. ಬೈಯಲೆಂದು ಇಷ್ಟು ದಿನ ನಾಲಿಗೆ ಮಸೆದುಕೊಂಡು ಬಂದಿದ್ದರು. ಎದುರಿಗೆ ಸರ್ಕಾರ ಇರಬೇಕಾಗಿದ್ದ ಜಾಗದಲ್ಲಿ ಬಣ್ಣ ಮೆತ್ತಿದ ಅಂಗಿಯ ಬೋರ್ಡಣ್ಣ ನಿಂತಿದ್ದ.

"ನಿನಗ್ಯಾಕೆ ಬೇಕಿತ್ತಯ್ಯಾ ಊರ ಉಸಾಬರಿ?" ಕ್ಷೌರಿಕನ ಮುಖ ಕೆಂಪಾಗಿತ್ತು. "ನಿನ್ನ ಮಾತು ನಂಬಿ ನಾನು ಬೀದಿ ಬೀದಿ ಹೇಳಿ ಬಂದೆ!"

"ನಾನೇನೂ ಹೇಳಿರಲಿಲ್ಲ."

"ಅದನ್ನೇ ಅಲ್ವಾ ನಾನೂ ಹೇಳ್ತಿರೋದು!"

ಹಾಲಿನವನು ಬೋರ್ಡಣ್ಣನನ್ನೇ ನೋಡುತ್ತಿದ್ದ. ಆಮೇಲೆ ಕೇಳಿದ: "ಅವತ್ತು ಆಸ್ಪತ್ರೆಗೆ ಎತ್ತಿಕೊಂಡು ಹೋಗೋವಾಗ್ಲೂ ಗೊತ್ತಿತ್ತಾ ನಿನಗೆ?" ಅವನು ಬೋರ್ಡಣ್ಣನನ್ನು ನೀನು ಎಂದದ್ದು ಅದೇ ಮೊದಲು.

"ಗೊತ್ತಿತ್ತು."

ಮೆಂಬರಿಗೆ ಈಗ ಜೀವ ಬಂದಿತ್ತು. "ನೋಡಿದ್ರಾ? ಸುಮ್ಮನೆ ನಮ್ಮ ಮೇಲೆ ಗೂಬೆ ಕೂರಿಸ್ತಿದ್ರಿ. ಅನುಮತಿ ಇಲ್ಲದೆ ಸಾರ್ವಜನಿಕ ರಸ್ತೆಗೆ ಕೈ ಹಾಕಿದಾನೆ. ಕೇಸು ಆಗುತ್ತೆ. ನಾಳೆನೇ ಜನ ಕಳಿಸಿ ಎಲ್ಲಾ ಕೆರೆಸಿ ಹಾಕಿಸ್ತೀನಿ."

"ಮೇಲೆ ನಿಂತು ಫೋಟೋ ತೆಗೆಸ್ಕೊಂಡಾಗ ಅನುಮತಿ ಇತ್ತಾ ಸಾರ್?" ಎಂದ ಕ್ಷೌರಿಕ. ಸಿಟ್ಟು ಯಾರ ಮೇಲೆ ಹೋಗಬೇಕೆಂದು ತಿಳಿಯದೆ ಅದು ಎರಡೂ ಕಡೆಗೆ ಹಾಯುತ್ತಿತ್ತು. ಜನ ನಕ್ಕರು. ಮೆಂಬರು ನಗಲಿಲ್ಲ. ಕಾರಿನ ಬಾಗಿಲು ಧಡಾರೆಂದಿತು.

ಕಾರು ಹೋದ ಮೇಲೆ ಗುಂಪು ಸಡಿಲವಾಯಿತು. ಕೆಲವರು ಮನೆಗೆ ಹೊರಟರು. ಮೋಡ ಇನ್ನಷ್ಟು ಇಳಿದಿತ್ತು. ಆಗ ಬೋರ್ಡಣ್ಣನ ಹೆಂಡತಿ ಬ್ಯಾನರನ್ನು ಬಿಚ್ಚಿ, ಒಂದು ತುದಿಯನ್ನು ಕೈಗೆ ಸುತ್ತಿಕೊಂಡು, ನೆಟ್ಟಗೆ ರಸ್ತೆಯ ನಡುವೆ ಹೋಗಿ ನಿಂತಳು. ಇನ್ನೊಂದು ತುದಿ ನೆಲದ ಮೇಲೆ ಎಳೆಯುತ್ತಿತ್ತು. ಟ್ಯಾಂಕರೊಂದು ಬಂತು, ಅದರ ಹಿಂದೆ ಬಸ್ಸು, ಅದರ ಹಿಂದೆ ಕಾರುಗಳು. ಹಾರ್ನುಗಳು ಒಟ್ಟಿಗೇ ಬಾಯಿ ಬಿಟ್ಟವು. ಅಲ್ಲಿದ್ದವರೆಲ್ಲ ಕಿವಿ ಮುಚ್ಚಿಕೊಂಡು ಪಕ್ಕಕ್ಕೆ ಸರಿದರು. ಅವಳು ಒಂದು ಕೈ ಎತ್ತಿ ಹಿಡಿದು, ವಾಹನಗಳಿಗೆ ಬೆನ್ನು ಮಾಡಿ, ಗಂಡನ ಕಡೆ ನೋಡುತ್ತ, ಅಂಗಳದಲ್ಲಿ ಬಟ್ಟೆ ಒಣಹಾಕಲು ನಿಂತವಳಂತೆ ನಿಂತಿದ್ದಳು.

"ಏನು ನೋಡ್ತಿದೀರಿ? ಬೇಗ ಬೇಗ!" ಎಂದಳು.

ಅವನು ಕೂತು ಬಣ್ಣ ಹಚ್ಚತೊಡಗಿದ. ಬ್ಯಾನರಿನ ಇನ್ನೊಂದು ಬದಿಯ ಖಾಲಿ ಜಾಗದಲ್ಲಿ ಸ್ಕೂಟರೊಂದು ನುಸುಳಲು ನೋಡಿತು. ನೆಲದ ಮೇಲಿದ್ದ ತುದಿಯನ್ನು ಯಾರೋ ಎತ್ತಿ ಬಿಗಿಯಾಗಿ ಹಿಡಿದರು. ಬೋರ್ಡಣ್ಣ ತಿರುಗಿ ನೋಡಿದ. ಹಾಲಿನವನು, ಪಟ್ಟಿ ಕಟ್ಟದ ಕೈಯಲ್ಲಿ.

"ನನ್ನ ಸಿಟ್ಟೇನೂ ಇಳಿದಿಲ್ಲ," ಎಂದ ಹಾಲಿನವನು, ಅವನನ್ನು ನೋಡದೆ. "ಬೇಗ ಮುಗಿಸು."

ಟ್ಯಾಂಕರಿನ ಡ್ರೈವರು ಕಿಟಕಿಯಿಂದ ತಲೆ ಹಾಕಿ ಬ್ಯಾನರನ್ನು ಓದಿ, "ನಾನಂತೂ ಅಲ್ಲಪ್ಪಾ!" ಎಂದು ಕೂಗಿದ.

ಬಿಳಿ ಬಣ್ಣ ಹಸಿಯಾಗಿ, ನುಣ್ಣಗೆ, ಮೋಡವನ್ನೇ ತೋರಿಸುತ್ತ ಹರಡಿತ್ತು. ಬೋರ್ಡಣ್ಣ ಮರಳನ್ನು ಮುಷ್ಟಿಯಲ್ಲಿ ತೆಗೆದುಕೊಂಡ. ಕೈ ಮುಂದೆ ಹೋಗಲಿಲ್ಲ. ಜೀವಮಾನವೆಲ್ಲ ಆ ಕೈ ಕಲಿತದ್ದು ಅದನ್ನು ತಡೆಯುವುದನ್ನೇ. ಅವನು ಕಣ್ಣು ಮುಚ್ಚಿ ಎರಚಿದ. ಕಣ್ಣು ತೆರೆದಾಗ ಪಟ್ಟೆ ಸಿಡುಬು ಬಂದ ಮುಖದ ಹಾಗಿತ್ತು. ಮತ್ತೊಂದು ಮುಷ್ಟಿ ಎರಚಿದ. ನಾಲ್ಕನೆಯ ಪಟ್ಟೆಗೆ ಬರುವಾಗ ಕ್ಷೌರಿಕ ಗೊಣಗುತ್ತಲೇ ಬಂದು ಬಕೆಟ್ಟನ್ನು ಅವನ ಪಕ್ಕಕ್ಕೆ ದೂಡಿದ.

ಕೆರೆಯುವವರು ಮರುದಿನ ಬರಲಿಲ್ಲ. ಆಮೇಲೂ ಬರಲಿಲ್ಲ. ಬರುವುದೇ ಇಲ್ಲವೆಂದು ಹೇಳುವಂತಿರಲಿಲ್ಲ. ನೋಟೀಸು ಮಾತ್ರ ಬಂತು, ಕಚೇರಿಗೆ ಹಾಜರಾಗಬೇಕೆಂದು. ಹಾಲಿನವನು ಹಾಲು ಹಾಕುವಾಗ ಪಾತ್ರೆಯನ್ನು ನೋಡುತ್ತಾನೆ, ಬೋರ್ಡಣ್ಣನ ಮುಖ ನೋಡುವುದಿಲ್ಲ. ಕ್ಷೌರದಂಗಡಿಯಲ್ಲಿ ಅವನು ಹೋದರೆ ಮಾತು ಸ್ವಲ್ಪ ಹೊತ್ತು ತಡವರಿಸಿ ಮುಂದೆ ಹೋಗುತ್ತದೆ.

ಮತ್ತೆ ತುಂತುರು ಹಿಡಿದ ಬೆಳಿಗ್ಗೆ ಹೆಂಡತಿ ಕೆಲಸಕ್ಕೆ ಹೊರಟಳು. ಅವನೂ ಅವಳ ಹಿಂದೆಯೇ ರಸ್ತೆಯವರೆಗೆ ಬಂದ. ಅವಳು ಎರಡೂ ಕಡೆ ಎರಡೆರಡು ಸಲ ನೋಡಿ, ಪಟ್ಟೆಯ ಮೇಲೆ ಕಾಲಿಟ್ಟಳು. ನಡುವಿಗೆ ಹೋಗುವಷ್ಟರಲ್ಲಿ ತಿರುವಿನಿಂದ ಸ್ಕೂಟರೊಂದು ನುಗ್ಗಿ ಬಂತು. ಬ್ರೇಕು ಬಿತ್ತು. ಚಕ್ರ ಪಟ್ಟೆಯನ್ನು ಕರಕರನೆ ಕಚ್ಚಿ, ಒಂದಿಷ್ಟೂ ಓಲಾಡದೆ, ಅವಳಿಂದ ಮಾರು ದೂರದಲ್ಲಿ ನಿಂತುಬಿಟ್ಟಿತು.

ಅವಳು ಆಚೆ ದಡ ಮುಟ್ಟಿ ತಿರುಗಿದಳು. "ಏನಂತು?" ಎಂದು ಅವಳ ತುಟಿ ಕೇಳಿತು.

"ಕರಕರ ಅಂತು," ಎಂದ ಅವನು, ಸದ್ದಿಲ್ಲದೆ, ಮುಖ ನೆಟ್ಟಗಿಟ್ಟುಕೊಂಡು. "ನಿಂತಿತು."

ಅವಳು ಚೀಲದ ಹಿಡಿಯನ್ನು ಸರಿಮಾಡಿಕೊಂಡು ಕಾರ್ಖಾನೆಯ ಕಡೆ ನಡೆದಳು. ಅವನು ರಸ್ತೆಗಿಳಿದ. ಒಂದು ಪಟ್ಟೆಯ ಅಂಚಿನಲ್ಲಿ ಮರಳು ಆಗಲೇ ಎದ್ದು, ಕೆಳಗಿನ ಹಳೆಯ ಹೊಳಪು ಇಣುಕುತ್ತಿತ್ತು. ಅವನು ಬಗ್ಗಿ ಅದನ್ನು ಉಗುರಿನಿಂದ ಕೆರೆದು ನೋಡುತ್ತಿರುವಾಗ ಬೆನ್ನ ಹಿಂದೆ ಹಾರ್ನು ಕೇಳಿತು. ಅವನು ತಿರುಗಲಿಲ್ಲ. ಒಂದು ಕೈಯನ್ನು ಮೇಲೆತ್ತಿ ಹಿಡಿದು, ಇನ್ನೊಂದು ಕೈಯಿಂದ ಒದ್ದೆ ಪಟ್ಟೆಯನ್ನು ತಡವುತ್ತಲೇ ಇದ್ದ.